ಮದ್ಯ ಮುಟ್ಟದವರಿಗೂ ಯಕೃತ್ತಿನ ಕೊಬ್ಬು: ದೋಷ ಚಹಾದ್ದೋ, ಸಕ್ಕರೆಯದ್ದೋ?

ಶರಣ ಪರಂಪರೆಯಲ್ಲಿ ಕಾಯವು ತುಚ್ಛವಾದ ವಸ್ತುವಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸುವವರಿಗೆ ಆ ಅಂಗವನ್ನು ಸುಸ್ಥಿತಿಯಲ್ಲಿ ಇರಿಸಿಕೊಳ್ಳುವುದೂ ಸಾಧನೆಯ ಒಂದು ಭಾಗವೇ. ಮದ್ಯಮಾಂಸಗಳನ್ನು ವರ್ಜಿಸಿದ ಮನೆತನಗಳಲ್ಲಿ ಬೆಳೆದ ಭಕ್ತರಲ್ಲಿ ಅನೇಕರಿಗೆ ಒಂದು ಧೈರ್ಯವಿದೆ: ಯಕೃತ್ತಿನ ಕಾಯಿಲೆ ಕುಡುಕರಿಗೆ ಬರುವಂಥದು, ನಮಗಲ್ಲ. ಆದ್ದರಿಂದಲೇ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್' ಎಂಬ ಮಾತು ಕಂಡಾಗ ಅವರು ದಿಗಿಲುಗೊಳ್ಳುತ್ತಾರೆ. ಜನ ಏನೆಂದುಕೊಂಡಾರೋ ಎಂದು ವರದಿಯನ್ನು ಮುಚ್ಚಿಡುವವರೂ ಉಂಟು. ಬಳಿಕ ಅನುಮಾನವೆಲ್ಲ ಹೋಗುವುದು ದಿನಕ್ಕೆ ನಾಲ್ಕೈದು ಬಾರಿ ಕುಡಿಯುವ ಚಹಾದ ಮೇಲೆ.

ಈ ಅನುಮಾನಕ್ಕೆ ಹಳೆಯ ಬೇರೂ ಇದೆ. 'ಚಹಾ ಹೆಚ್ಚಾದರೆ ಪಿತ್ತ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಯಕೃತ್ತಿಗೆ ಕನ್ನಡದಲ್ಲಿ ಪಿತ್ತಜನಕಾಂಗ ಎಂಬ ಹೆಸರೂ ಇರುವುದರಿಂದ ಎರಡನ್ನೂ ಕೂಡಿಸಿ ಯೋಚಿಸುವುದು ಸಹಜ. ಆದರೆ ಬರಿಹೊಟ್ಟೆಯಲ್ಲಿ ಕಡಕ್ ಚಹಾ ಕುಡಿದಾಗ ಆಗುವ ಎದೆಯುರಿ, ಹುಳಿತೇಗುಗಳು ಜಠರದ ಆಮ್ಲಕ್ಕೆ ಸಂಬಂಧಿಸಿದವು. ಯಕೃತ್ತು ಕೆಟ್ಟಿದೆ ಎಂಬುದಕ್ಕೆ ಅವು ಲಕ್ಷಣಗಳಲ್ಲ. ಲಿಂಗಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದೆ, ಆಮೇಲೆ ಉಪಾಹಾರದೊಂದಿಗೆ ಚಹಾ ಕುಡಿಯುತ್ತಿದ್ದ ಹಿರಿಯರಿಗೆ ಈ ಉರಿಯ ತೊಂದರೆ ಕಡಿಮೆಯೇ ಇದ್ದಿರಬೇಕು. ಈಗ ಹಲವು ಮನೆಗಳಲ್ಲಿ ವಿಭೂತಿಗಿಂತ ಮೊದಲು ಚಹಾ ಬರುತ್ತದೆ.

ಎಲೆಯ ವಿಷಯವನ್ನು ಮೊದಲು ಇತ್ಯರ್ಥಪಡಿಸೋಣ. ನೀರಿನಲ್ಲಿ ಕುದಿಸಿ ಸೋಸಿದ ಸಾಧಾರಣ ಚಹಾವು ಆರೋಗ್ಯವಂತರ ಯಕೃತ್ತಿಗೆ ಹಾನಿ ಮಾಡುತ್ತದೆ ಎನ್ನಲು ಆಧಾರವಿಲ್ಲ. ಅದು ಯಕೃತ್ತನ್ನು 'ಶುದ್ಧೀಕರಿಸುತ್ತದೆ' ಎಂಬ ಜಾಹೀರಾತಿನ ಮಾತನ್ನೂ ನಂಬಬೇಕಾಗಿಲ್ಲ. ಯಕೃತ್ತಿನ ರಕ್ಷಣೆಯ ವಿಚಾರದಲ್ಲಿ ಕಾಫಿಯ ಪರವಾಗಿ ದೊರೆತಿರುವ ಪುರಾವೆಗಳು ಚಹಾದ ಪರವಾಗಿರುವವುಗಳಿಗಿಂತ ಗಟ್ಟಿಯಾಗಿವೆ. ಚಹಾಪ್ರಿಯರಿಗೆ ಇದು ರುಚಿಸಲಿಕ್ಕಿಲ್ಲ.

ಹಾಗಾದರೆ ಲೋಟದಲ್ಲಿ ಪರೀಕ್ಷಿಸಬೇಕಾದದ್ದು ಯಾವುದು? ಸಕ್ಕರೆ. ಒಂದು ಲೋಟಕ್ಕೆ ಎರಡು ಚಮಚವೆಂದರೆ ಸುಮಾರು 8ರಿಂದ 10 ಗ್ರಾಂ. ದಿನಕ್ಕೆ ಐದು ಲೋಟವಾದರೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, 2000 ಕ್ಯಾಲೊರಿ ಆಹಾರ ಸೇವಿಸುವ ವಯಸ್ಕರಿಗೆ ಇಡೀ ದಿನದ ಸಕ್ಕರೆ 50 ಗ್ರಾಂ ಮೀರಬಾರದು. 25 ಗ್ರಾಂಗಿಂತ ಕಡಿಮೆಯಾದರೆ ಇನ್ನೂ ಒಳಿತು. ಅಂದರೆ ಬಿಸ್ಕತ್ತು, ಸಿಹಿತಿಂಡಿ, ಹಬ್ಬದ ಹೋಳಿಗೆ ಇವನ್ನು ಎಣಿಸುವ ಮೊದಲೇ ಚಹಾವೊಂದರಲ್ಲೇ ಮಿತಿ ತುಂಬಿರುತ್ತದೆ. ಉಪವಾಸವೆಂದು ಶಿವರಾತ್ರಿಯ ದಿನ ಅನ್ನ ಬಿಟ್ಟು, ಮತ್ತೆ ಮತ್ತೆ ಸಿಹಿಚಹಾ ಕುಡಿದರೂ ಲೆಕ್ಕ ಇದೇ.

ಸಕ್ಕರೆಯ ಅರ್ಧಭಾಗ ಗ್ಲೂಕೋಸ್, ಉಳಿದರ್ಧ ಫ್ರಕ್ಟೋಸ್. ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸಿನ ಹೊರೆಯನ್ನಾದರೋ ಬಹುಪಾಲು ಯಕೃತ್ತೇ ಹೊರಬೇಕು. ಹೆಚ್ಚಾದುದನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ಬೆಲ್ಲದ ಚಹಾದಿಂದ ಪಾರಾಗಬಹುದೆಂದು ತಿಳಿದವರು ಗಮನಿಸಬೇಕು: ಬೆಲ್ಲವೂ ಬಹುಮಟ್ಟಿಗೆ ಸಕ್ಕರೆಯೇ. ಚಹಾದ ಸಕ್ಕರೆಯೊಂದೇ ಈ ರೋಗಕ್ಕೆ ಕಾರಣವೆಂದು ಹೇಳಲಾಗದು. ಸೊಂಟದ ಸುತ್ತಳತೆ, ಮಧುಮೇಹ, ಕುಳಿತೇ ಮಾಡುವ ಉದ್ಯೋಗ, ವಂಶಗುಣ ಎಲ್ಲವೂ ಸೇರುತ್ತವೆ. ಮದ್ಯದ ಸಂಬಂಧವಿಲ್ಲದ ಈ ಕೊಬ್ಬಿನ ರೋಗವನ್ನು ಕೇಂದ್ರ ಸರಕಾರವು 2021ರಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಆದ್ದರಿಂದ ವರದಿಯನ್ನು ಮುಚ್ಚಿಡುವ ಕಾರಣವೇ ಇಲ್ಲ. ಆರಂಭದ ಹಂತದಲ್ಲಿ ಇದು ಹಿಂದಿರುಗಬಲ್ಲ ಸ್ಥಿತಿ: ಅಧಿಕ ತೂಕವುಳ್ಳವರು ದೇಹತೂಕದ ನೂರಕ್ಕೆ 5ರಷ್ಟು ಇಳಿಸಿದರೂ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ.

ಕಷ್ಟವಿರುವುದು ಆತಿಥ್ಯದಲ್ಲಿ. ಮನೆಗೆ ಬಂದವರಿಗೆ ಚಹಾ ಕೊಡದಿದ್ದರೆ ನಮಗೆ ಸಮಾಧಾನವಿಲ್ಲ, ಬೇಡವೆಂದರೆ ಅವರಿಗೆ ಬೇಸರ. ಹೋಟೆಲಿನಲ್ಲಿ ಕಲಿತ 'ಬೈಟು' ಪದ್ಧತಿಯನ್ನು ಮನೆಗೂ ತರಬಹುದು. ಸಕ್ಕರೆಯನ್ನು ಪಾತ್ರೆಗೆ ಹಾಕಿ ಕುದಿಸದೆ, ಬೇಕಾದವರು ಬೆರೆಸಿಕೊಳ್ಳಲೆಂದು ಬೇರೆಯಾಗಿ ಇಡುವುದು ಇನ್ನೂ ಸುಲಭ. ಎರಡು ಚಮಚದಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿದರೆ ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

ಇಷ್ಟರ ನಡುವೆ ನಿಜವಾದ ಅಪಾಯವೊಂದು ಆರೋಗ್ಯದ ವೇಷದಲ್ಲೇ ಮನೆಯೊಳಗೆ ಬರುತ್ತಿದೆ. ತೂಕ ಇಳಿಸಲೆಂದು ಮಾರುವ ಹಸಿರು ಚಹಾದ ಸಾರದ ಮಾತ್ರೆಗಳಿವು. ಕುಡಿಯುವ ಹಸಿರು ಚಹಾ ಸಾಮಾನ್ಯವಾಗಿ ಸುರಕ್ಷಿತ. ಆದರೆ ಅದರಲ್ಲಿನ ಕ್ಯಾಟೆಚಿನ್ ಎಂಬ ಅಂಶವನ್ನು ಸಾಂದ್ರಗೊಳಿಸಿದ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಅಂತಹ ಒಂದು ಉತ್ಪನ್ನವನ್ನು 2003ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಈ ಸಾರದಲ್ಲಿನ ಇಜಿಸಿಜಿ ಎಂಬ ಮುಖ್ಯ ಕ್ಯಾಟೆಚಿನ್ ಅನ್ನು ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸುವುದು ಆತಂಕಕಾರಿಯೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ತಿಳಿಸಿತು. 'ಗಿಡಮೂಲಿಕೆಯದು, ಏನೂ ಆಗದು' ಎಂಬ ಭರವಸೆ ಇಲ್ಲಿ ಸಲ್ಲದು.

ಕಣ್ಣು ಹಳದಿಯಾಗುವುದು, ಮೂತ್ರ ಗಾಢವರ್ಣಕ್ಕೆ ತಿರುಗುವುದು, ಮೈ ತುರಿಕೆ, ಕಾರಣವಿಲ್ಲದೆ ಹಸಿವು ಅಡಗುವುದು ಕಂಡುಬಂದರೆ ಅಂತಹ ಮಾತ್ರೆಗಳನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. 'ಏನೇನು ಔಷಧಿ ತೆಗೆದುಕೊಳ್ಳುತ್ತೀರಿ?' ಎಂದು ಅವರು ಕೇಳಿದಾಗ ಬಹುಮಂದಿ 'ಏನೂ ಇಲ್ಲ' ಎನ್ನುತ್ತಾರೆ. ಚೂರ್ಣ, ಕಷಾಯ, ತೂಕ ಇಳಿಸುವ ಮಾತ್ರೆಗಳನ್ನು ಅವರು ಔಷಧಿಯೆಂದೇ ಎಣಿಸಿರುವುದಿಲ್ಲ. ಆ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡುವುದು ಲೇಸು.