ಬದಲಿಸುವ ಮೊದಲು ಅಳೆಯೋಣ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸುತ್ತಿನ ಊರುಗಳಲ್ಲಿ ಈಗ ಒಂದು ಬಗೆಯ ಮನೆ ಅಪರೂಪವಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ಉದ್ಯೋಗದಲ್ಲಿರುತ್ತಾರೆ. ಹಾಸಿಗೆ ಹಿಡಿದ ಅಜ್ಜಿ ಊರಿನಲ್ಲಿರುತ್ತಾರೆ. ಅವರ ಆರೈಕೆಗೆಂದು ಸಂಬಳ ಕೊಟ್ಟು ಹೋಂ ನರ್ಸ್ ಒಬ್ಬಾಕೆಯನ್ನು ಇರಿಸಿರುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮನೆಯವರಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈಕೆಯನ್ನು ಬದಲಿಸಬೇಕೆ? “ಯಾವಾಗ ನೋಡಿದರೂ ಮೊಬೈಲು ಹಿಡಿದಿರುತ್ತಾಳೆ” ಎಂದು ಒಬ್ಬರು ಹೇಳಿದರೆ, “ಪಾಪ, ಒಳ್ಳೆಯವಳು” ಎಂದು ಇನ್ನೊಬ್ಬರು ಹೇಳುತ್ತಾರೆ. ಈ ಎರಡು ಮಾತುಗಳಲ್ಲಿಯೂ ಅಜ್ಜಿಯ ದೇಹಸ್ಥಿತಿಯ ವಿಚಾರ ಒಂದಕ್ಷರವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತೀರ್ಮಾನ ತಪ್ಪಿದರೆ ಒಂದು ಕಡೆ ವೃದ್ಧೆಯ ಮೈ ಹುಣ್ಣಾದೀತು. ಇನ್ನೊಂದು ಕಡೆ ತಪ್ಪು ಮಾಡದವಳೊಬ್ಬಳ ಅನ್ನ ಹೋದೀತು. ಇಂತಹ ವಿಷಯದಲ್ಲಿ ವಿಜ್ಞಾನದ ರೀತಿ ನಮಗೆ ಎಷ್ಟರಮಟ್ಟಿಗೆ ನೆರವಾಗಬಲ್ಲುದು?

ಚರ್ಮದ ಮೇಲಿನ ಒತ್ತಡ

ಅಳೆಯಬೇಕಾದುದು ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳೋಣ. ಆರೈಕೆ ಮಾಡುವಾಕೆಯ ಮುಖಭಾವವನ್ನಲ್ಲ, ಆರೈಕೆಯ ಫಲವನ್ನು ನಾವು ಅಳೆಯಬೇಕು. ಹಾಸಿಗೆ ಹಿಡಿದವರಲ್ಲಿ ಆ ಫಲ ಮೊದಲು ಕಾಣಿಸುವುದು ಚರ್ಮದಲ್ಲಿ.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಮೊತ್ತ. ಅಂಗಾತ ಮಲಗಿದ ಅಜ್ಜಿಯ ಸೊಂಟದ ಹಿಂಭಾಗದಲ್ಲಿ 10 ಕಿಲೋಗ್ರಾಂ ಭಾರವು 100 ಚದರ ಸೆಂಟಿಮೀಟರ್ ಜಾಗದ ಮೇಲೆ ಬೀಳುತ್ತದೆಯೆಂದು ಭಾವಿಸೋಣ. ಬಲ 98 ನ್ಯೂಟನ್. ಒತ್ತಡ 9,800 ಪಾಸ್ಕಲ್. ಪಾದರಸದ ಲೆಕ್ಕದಲ್ಲಿ ಸುಮಾರು 73 ಮಿಲಿಮೀಟರ್. ಲೋಮನಾಳಗಳೆಂಬ ಅತಿ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವನ್ನು ಲ್ಯಾಂಡಿಸ್ ಎಂಬ ವಿಜ್ಞಾನಿ 1930ರಲ್ಲಿ ಬೆರಳ ತುದಿಯಲ್ಲಿ ಅಳೆದಾಗ, ರಕ್ತ ಒಳಬರುವ ಕಡೆಯಲ್ಲಿ ಅದು ಸರಾಸರಿ 32 ಮಿಲಿಮೀಟರ್ ಇದ್ದಿತು. ಈ ಅಂಕ ಎಲ್ಲರಿಗೂ ಒಂದೇ ಅಲ್ಲ. ಆದರೂ ಹೊರಗಿನ ಒತ್ತಡ ಒಳಗಿನದಕ್ಕಿಂತ ಬಹಳ ಹೆಚ್ಚಾಗಿ, ಬಹಳ ಹೊತ್ತು ನಿಂತರೆ, ಅಲ್ಲಿಗೆ ರಕ್ತ ಹರಿಯದೆ ಜೀವಕೋಶಗಳು ಸಾಯುತ್ತವೆಂಬುದು ಸ್ಪಷ್ಟ. ಹಾಸಿಗೆ ಹುಣ್ಣು ಹುಟ್ಟುವುದು ಹೀಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ರೂಢಿಯ ಹಿಂದೆ ಇರುವುದು ಈ ಲೆಕ್ಕವೇ. ಮೆತ್ತನೆಯ ಹಾಸಿಗೆ ದೇಹವನ್ನು ತಾಗುವ ಜಾಗವನ್ನು ಇಮ್ಮಡಿಯಾಗಿಸಿದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಮೈಯನ್ನು ಎತ್ತದೆ ಎಳೆದರೆ ಚರ್ಮ ಒಂದು ಕಡೆಗೂ ಒಳಗಿನ ಮಾಂಸ ಇನ್ನೊಂದು ಕಡೆಗೂ ಸರಿದು ಹಾನಿ ಹೆಚ್ಚುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವ ಮತ್ತು ಬೇಸಿಗೆಯ ಬೆವರು ಚರ್ಮವನ್ನು ಇನ್ನಷ್ಟು ದುರ್ಬಲಗೊಳಿಸುತ್ತವೆ.

ಪರೀಕ್ಷೆ ಸುಲಭ. ಸೊಂಟ, ಪೃಷ್ಠ, ಹಿಮ್ಮಡಿಗಳನ್ನು ದಿನಕ್ಕೊಮ್ಮೆ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಅದು ಬಿಳುಪಾಗಿ ಮತ್ತೆ ಕೆಂಪೇರಿದರೆ ರಕ್ತಸಂಚಾರ ಇದೆ. ಬಿಳುಪಾಗದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದಿರಬಹುದು. ಅಲ್ಲಿ ಬಿಸಿ, ಗಡಸುತನ, ನೋವುಗಳನ್ನು ಗಮನಿಸಬೇಕು.

ಒಂದು ದಿನದ ಸಾಕ್ಷ್ಯ ಸಾಲದು

ಅಜ್ಜಿ ದಿನವೂ ಒಂದು ಬಟ್ಟಲು ಗಂಜಿ ಉಣ್ಣುವವರು. ಒಂದು ದಿನ ನಾಲ್ಕು ಚಮಚಕ್ಕೆ ಸಾಕೆಂದರು. ಮಗ ಫೋನಿನಲ್ಲಿ ಇದನ್ನು ಕೇಳಿ ರೇಗಿ ಹೋಂ ನರ್ಸನ್ನು ಬದಲಿಸಿದ. ಹೊಸಬಳು ಬಂದ ಮೂರನೆಯ ದಿನ ಗಂಜಿ ಮತ್ತೆ ಒಂದು ಬಟ್ಟಲಾಯಿತು. ಹೊಸಬಳು ಜಾಣೆ ಎಂದು ಎಲ್ಲರೂ ಒಪ್ಪಿದರು. ಆದರೆ ಹಳಬಳೇ ಇದ್ದಿದ್ದರೆ ಗಂಜಿಯ ಅಳತೆ ಏನಾಗುತ್ತಿತ್ತು? ಬಹುಶಃ ಅಷ್ಟೇ ಆಗುತ್ತಿತ್ತು. ಏರಿಳಿಯುವ ಯಾವುದೇ ಪರಿಮಾಣದಲ್ಲಿ ತೀರ ಕೆಳಗಿನ ಒಂದು ಅಳತೆಯ ಅನಂತರ ಬರುವ ಅಳತೆ ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾಗಿರುತ್ತದೆ. ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ಗಾಲ್ಟನ್ 1886ರಲ್ಲಿ ಈ ‘ಸರಾಸರಿಯ ಕಡೆಗೆ ಮರಳುವಿಕೆ’ಯನ್ನು ತೋರಿಸಿಕೊಟ್ಟನು. ತೀರ ಕೆಟ್ಟ ದಿನವೇ ಬದಲಾವಣೆ ಮಾಡುವವರಿಗೆ ಪ್ರತಿಯೊಂದು ಬದಲಾವಣೆಯೂ ಯಶಸ್ವಿಯಾದಂತೆ ತೋರುವುದು ಇದರಿಂದಲೇ.

ಆದುದರಿಂದ ಎರಡು ವಾರ ಒಂದು ನೋಟುಪುಸ್ತಕ ಇಡೋಣ. ಉಂಡ ಗಂಜಿ, ಕುಡಿದ ನೀರು, ಔಷಧದ ವೇಳೆ, ಮಗ್ಗುಲು ಬದಲಿಸಿದ ವೇಳೆ, ಚರ್ಮದ ಸ್ಥಿತಿ, ನಿದ್ರೆ—ಇಷ್ಟು ಸಾಕು. ಸ್ವಲ್ಪ ಓಡಾಡುವವರಾದರೆ, 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚಿಯನ್ನು ಬಳಸಬಹುದು. ಉಣ್ಣುವುದು, ಮೀಯುವುದು, ನಡೆಯುವುದು ಮೊದಲಾದ ಹತ್ತು ಕೆಲಸಗಳಿಗೆ ಅದರಲ್ಲಿ ಒಟ್ಟು 100 ಅಂಕ. ಮನೆಯಲ್ಲಿರುವ ವಿದ್ಯಾರ್ಥಿ ಈ ಪುಸ್ತಕವನ್ನು ಚೆನ್ನಾಗಿ ನಿರ್ವಹಿಸಬಲ್ಲನು. ಆದರೆ ಹೋಂ ನರ್ಸಿಗೆ ತಿಳಿಯದಂತೆ ಬರೆಯಬಾರದು. ಆಕೆಯೇ ಅದರ ಮುಖ್ಯ ಲೇಖಕಿಯಾಗುವುದು ಮೇಲು.

ದೋಷ ಎಲ್ಲಿದೆ?

ಪುಸ್ತಕ ನಿಜವಾಗಿಯೂ ಕೊರತೆಯನ್ನು ತೋರಿಸಿತೆನ್ನೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದೇ ಏರ್ಪಾಡಿನಲ್ಲಿ ಬೇರೊಬ್ಬಳನ್ನು ನಿಲ್ಲಿಸಿದರೆ ಫಲ ಬೇರೆಯಾದೀತೆ? ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು ಗಂಟೆಗಳಿಗೆ ಎದ್ದು ಮಗ್ಗುಲು ಬದಲಿಸುವವಳಿಗೆ ಒಮ್ಮೆಯೂ ಎರಡು ಗಂಟೆಯ ಅಖಂಡ ನಿದ್ರೆಯಿಲ್ಲ. ಹಗಲು ಸ್ನಾನ, ಬಟ್ಟೆ, ಊಟಗಳ ಜೊತೆಗೆ ಮನೆಯವರು ಪಾತ್ರೆಯ ಕೆಲಸವನ್ನೂ ಹೇಳಿದರೆ, ಮಧ್ಯಾಹ್ನ ಆಕೆ ತೂಕಡಿಸುವುದು ಸೋಮಾರಿತನವಲ್ಲ, ಶರೀರಧರ್ಮ. ಬಂದ ಹೊಸಬಳೂ ವಾರದಲ್ಲಿ ತೂಕಡಿಸುವಳು.

ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುವುದು ನಿಯಮ. ಇಲ್ಲಿಯೂ ಮೊದಲು ಏರ್ಪಾಡನ್ನು ಬದಲಿಸಿ ನೋಡಬೇಕು. ರಾತ್ರಿಯ ಒಂದೆರಡು ಸರದಿಗಳನ್ನು ಮನೆಯವರು ವಹಿಸಿಕೊಳ್ಳಬಹುದು. ವಾರಕ್ಕೊಂದು ರಜೆ ಕೊಡಬಹುದು. ವೈದ್ಯರನ್ನು ಕೇಳಿ ಗಾಳಿಹಾಸಿಗೆ ತರಿಸಬಹುದು. ಕೆಲಸದ ಎಲ್ಲೆಯನ್ನೂ ತಿಳಿಯಬೇಕು. ಹೋಂ ನರ್ಸ್ ಎಂಬ ಹೆಸರಿದ್ದ ಮಾತ್ರಕ್ಕೆ ಆಕೆ ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ ನೋಂದಾಯಿತಳಾದ ನರ್ಸ್ ಆಗಿರುವಳೆಂದು ತಿಳಿಯಬಾರದು. ಇಂಜೆಕ್ಷನ್ ಕೊಡಲು, ಮೂತ್ರದ ನಳಿಗೆ ಬದಲಿಸಲು ಬಾರದೆಂಬುದು ಆಕೆಯ ದೋಷವಲ್ಲ.

ಕಾಯಬಾರದ ಸಂದರ್ಭ

ಕೆಲವು ಸಂಗತಿಗಳಿಗೆ ಸರಾಸರಿಯ ಲೆಕ್ಕ ಸಲ್ಲದು. ಹೊಡೆಯುವುದು, ಕಟ್ಟಿಹಾಕುವುದು, ವೈದ್ಯರು ಹೇಳದ ನಿದ್ರೆಯ ಮಾತ್ರೆ ಕೊಡುವುದು, ಹಣ ಒಡವೆ ಕದಿಯುವುದು—ಇವುಗಳಲ್ಲಿ ಒಂದು ಸಲವೇ ಸಾಕು. ಮೈಮೇಲೆ ಕಾರಣ ತಿಳಿಯದ ಕಂದುಗಲೆ ಕಂಡರೆ, ಅಥವಾ ಆಕೆ ಹತ್ತಿರ ಬಂದಾಗ ಅಜ್ಜಿ ಮುದುಡಿದರೆ, ಕೂಡಲೇ ಮನೆಯವರೊಬ್ಬರು ಜೊತೆಗಿದ್ದು ವೈದ್ಯರಿಗೆ ತೋರಿಸಬೇಕು. ರಕ್ತ ತೆಳುವಾಗಿಸುವ ಔಷಧಗಳಿಂದಲೂ ಕಲೆಗಳಾಗಬಹುದು. ಆದರೆ ಅದನ್ನು ನಿರ್ಣಯಿಸುವುದು ಅಜ್ಜಿ ಸುರಕ್ಷಿತರಾದ ಮೇಲೆ. ಹಿರಿಯ ನಾಗರಿಕರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಪ್ರಾಣಾಪಾಯದ ತುರ್ತಿಗೆ 112.

ಇಂತಹ ಸಂದರ್ಭವಲ್ಲದಿದ್ದರೂ, ಏರ್ಪಾಡು ಸರಿಪಡಿಸಿ, ಕಲಿಸಿ, ಮತ್ತೆರಡು ವಾರ ಅಳೆದ ಮೇಲೂ ಚರ್ಮ ಕೆಂಪಾಗಿಯೇ ಇದ್ದರೆ, ಔಷಧ ತಪ್ಪುತ್ತಲೇ ಇದ್ದರೆ, ಬದಲಿಸಲು ಹಿಂಜರಿಯಬೇಕಾಗಿಲ್ಲ. ಆದರೆ ಬದಲಾವಣೆಗೂ ಬೆಲೆಯಿದೆ. ಮರೆವಿನ ಕಾಯಿಲೆಯುಳ್ಳವರಿಗೆ ಹೊಸ ಮುಖವೇ ಗಾಬರಿಯನ್ನು ಉಂಟುಮಾಡೀತು. ಸಾಧ್ಯವಿದ್ದರೆ ಹಳಬಳೂ ಹೊಸಬಳೂ ಎರಡು ಮೂರು ದಿನ ಒಟ್ಟಿಗೆ ಇರಲಿ. ನೋಟುಪುಸ್ತಕ ಕೈಯಿಂದ ಕೈಗೆ ಹೋಗಲಿ. ಉಷ್ಣಮಾಪಕವನ್ನು ಬಾಯಲ್ಲಿಟ್ಟ ಕ್ಷಣವೇ ನಾವು ಅಂಕ ಓದುವುದಿಲ್ಲ. ಹೊಸಬಳ ಮೊದಲ ವಾರವನ್ನೂ ಹಾಗೆಯೇ ಲೆಕ್ಕಕ್ಕೆ ಹಿಡಿಯಬಾರದು.

ಕೊನೆಯದಾಗಿ, ಮಾತನಾಡಬಲ್ಲ ಅಜ್ಜಿಯನ್ನು, ಹೋಂ ನರ್ಸ್ ಇಲ್ಲದ ವೇಳೆಯಲ್ಲಿ, ಕೇಳಲೇಬೇಕು. ಗಂಜಿಯನ್ನು ಅಳೆಯಬಹುದು, ಒತ್ತಡವನ್ನು ಲೆಕ್ಕಹಾಕಬಹುದು. ಯಾರ ಕೈಯ ಆರೈಕೆ ತನಗೆ ಹಿತವೆಂಬುದನ್ನು ಹೇಳಬಲ್ಲವರು ಅವರೊಬ್ಬರೇ.