ಪ್ರಾಮಾಣಿಕ ನೌಕರರಿಗೆ ಸಮಾಜ ಸಲ್ಲಿಸಬೇಕಾದ ಗೌರವ



ಧರ್ಮಗುರು ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಲೆಕ್ಕ ನೋಡಲಾಯಿತೆಂದೂ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಶುದ್ಧಹಸ್ತರ ಮೇಲೂ ಚಾಡಿ ಹುಟ್ಟುತ್ತದೆ ಎಂಬುದು ಈ ಪ್ರಸಂಗದ ಒಂದು ಪಾಠ. ಅಂಥವರ ಬೆಂಬಲಕ್ಕೆ ನಿಲ್ಲುವುದು ಸಮಾಜದ ಹೊಣೆ.

ಲಂಚದ ಸುದ್ದಿ ಊರೆಲ್ಲ ಹರಡುತ್ತದೆ. ಕೈ ಒಡ್ಡದೆ ಪಹಣಿ ತಿದ್ದಿಕೊಟ್ಟ ಗ್ರಾಮ ಆಡಳಿತಾಧಿಕಾರಿಯ ಮಾತನ್ನು ಯಾರೂ ಎತ್ತುವುದಿಲ್ಲ. ಮಾಡಬೇಕಾದುದನ್ನೇ ಮಾಡಿದ್ದಾರೆ, ಹೊಗಳುವುದೇನಿದೆ ಎಂಬುದು ನಮ್ಮ ವಾದ. ಆದರೆ ಸುತ್ತಲಿನವರು ಬೇರೆ ದಾರಿ ಹಿಡಿದಾಗ ತನ್ನ ಕರ್ತವ್ಯದಲ್ಲಿ ಒಂಟಿಯಾಗಿ ನಿಂತವನಿಗೆ ಆ ಮೌನವೇ ದಂಡನೆಯಾಗುತ್ತದೆ.

ಇಲ್ಲಿ ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಕು. ಸರದಿ ತಪ್ಪಿಸಿ ಕೆಲಸ ಮಾಡಿಸಿಕೊಡಿ, ಮಾತು ಕೇಳದ ಅಧಿಕಾರಿಯನ್ನು ವರ್ಗ ಮಾಡಿಸಿ ಎಂದು ಶಿಫಾರಸು ಕೇಳಿಕೊಂಡು ಶ್ರೀಮಠದ ಕಾರ್ಯಾಲಯಕ್ಕೆ ಬರುವವರೂ ಭಕ್ತರೇ. ಅವರನ್ನು ನೋಯಿಸಲಾರದೆ ನಾವು ಪತ್ರ ಬರೆದುಕೊಟ್ಟ ಸಂದರ್ಭಗಳೂ ಇವೆ. ವೇದಿಕೆಯ ಮೇಲೆ ಪ್ರಾಮಾಣಿಕತೆಯನ್ನು ಹೊಗಳಿ, ಕಾರ್ಯಾಲಯದಲ್ಲಿ ಅದಕ್ಕೆ ಒತ್ತಡ ತರುವುದು ನುಡಿ-ನಡೆ ಒಂದಾದ ಬಾಳಲ್ಲ.

ಹಾಗಾದರೆ ಗೌರವ ಸಲ್ಲಿಸುವ ಬಗೆ ಹೇಗೆ?

ಮೊದಲನೆಯದು, ನಿಯಮ ಮೀರುವಂತೆ ಕೇಳದಿರುವುದು. ಲಂಚ ಪಡೆದವರಷ್ಟೇ ಅಲ್ಲ, ಕೊಟ್ಟವರೂ ಅಪರಾಧಿಗಳೆಂದು ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಸ್ಪಷ್ಟಪಡಿಸಿದೆ. ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ದೂರು ನೀಡಿದರೆ ಅವರಿಗೆ ರಕ್ಷಣೆಯುಂಟು.

ಎರಡನೆಯದು, ಮೆಚ್ಚುಗೆಯನ್ನು ಬರಹದಲ್ಲಿ ತಿಳಿಸುವುದು. 2012ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆಯಡಿ ಅರ್ಜಿಗೆ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ವಿಳಂಬವನ್ನು ಪ್ರಶ್ನಿಸುವ ನಾವು, ಗಡುವಿನೊಳಗೆ ಕೆಲಸ ಮುಗಿದಾಗ ಆ ಸಂಖ್ಯೆ ಮತ್ತು ದಿನಾಂಕ ನಮೂದಿಸಿ ಮೇಲಧಿಕಾರಿಗೆ ನಾಲ್ಕು ಸಾಲು ಬರೆಯಬಾರದೇಕೆ? ಹಬ್ಬಕ್ಕೆ ಕಳುಹಿಸುವ ಹಣ್ಣಿನ ಬುಟ್ಟಿ ಅವರನ್ನು ಮುಜುಗರಕ್ಕೆ ಈಡುಮಾಡುತ್ತದೆ. ಸತ್ಯವಾದ ಪತ್ರ ಅವರಿಗೆ ಆಸರೆಯಾಗುತ್ತದೆ.

ಮೂರನೆಯದು, ಕಷ್ಟಕಾಲದಲ್ಲಿ ಜೊತೆ ನಿಲ್ಲುವುದು. ನಿವೃತ್ತಿಯ ದಿನ ಹೊದಿಸುವ ಶಾಲಿಗಿಂತ, ಅಕಾಲಿಕ ವರ್ಗಾವಣೆಯ ದಿನ ಗ್ರಾಮಸ್ಥರು ಸಹಿ ಹಾಕಿ ಸಲ್ಲಿಸುವ ಮನವಿಯ ಬೆಲೆ ದೊಡ್ಡದು. ಹಾಗೆಂದು ಪರಿಶೀಲಿಸದೆ ಯಾರನ್ನೂ ಎತ್ತಿ ಹಿಡಿಯಬಾರದು. ನಮ್ಮವರೆಂಬ ಕಾರಣಕ್ಕೆ ಹೊಗಳಿದರೆ ಅದೂ ಒಂದು ಅಪ್ರಾಮಾಣಿಕತೆಯೇ.

ನಾಲ್ಕನೆಯದು ಮನೆಯಲ್ಲಿ ಆಗಬೇಕಾದುದು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬನ್ನಿರೆಂದ ತಾಯಿ ಆಯ್ದಕ್ಕಿ ಲಕ್ಕಮ್ಮ. ಪಕ್ಕದ ಮನೆಯವರ ಕಾರು, ಬಂಗಲೆ ತೋರಿಸಿ ಹಂಗಿಸುವ ಕುಟುಂಬದಲ್ಲಿ ನೌಕರನ ನಿಷ್ಠೆ ಬಹುಕಾಲ ಉಳಿಯಲಾರದು. ಸಂಬಳಕ್ಕೆ ತಕ್ಕ ಬಾಳನ್ನು ಹೆಮ್ಮೆಯಿಂದ ಬಾಳುವ ಮನೆಯೇ ಅವನ ಮೊದಲ ಸನ್ಮಾನ ವೇದಿಕೆ.

ಕಾಯಕ ಶುದ್ಧವಾಗಿದ್ದರೆ ಮಾತ್ರ ಅದು ದಾಸೋಹಕ್ಕೆ ಸಲ್ಲುತ್ತದೆ. ಆ ಶುದ್ಧಿಯನ್ನು ಕಾಪಾಡುತ್ತಿರುವ ಒಬ್ಬ ನೌಕರರನ್ನಾದರೂ ಈ ವಾರ ಗುರುತಿಸಿ, ಅವರ ಕಚೇರಿಗೆ ಒಂದು ಪತ್ರ ಬರೆಯಬೇಕೆಂದು ಭಕ್ತಬಂಧುಗಳಲ್ಲಿ ವಿನಂತಿಸುತ್ತೇವೆ.