ಒಳಚರಂಡಿ ತೋಡುವವರ ಯುದ್ಧ

ಮೊದಲ ಮಹಾಯುದ್ಧದ ಕಾಲ, 1914ರ ಡಿಸೆಂಬರ್ 20. ಫ್ರಾನ್ಸಿನ ಗಿವೆಂಚಿ ಬಳಿ ಬ್ರಿಟಿಷರ ಪರ ಕಂದಕಗಳಲ್ಲಿದ್ದ ಭಾರತೀಯ ಸೇನೆಯ ಸರ್‌ಹಿಂದ್ ಬ್ರಿಗೇಡಿನ ಕಾಲಡಿಯ ನೆಲವೇ ಸಿಡಿಯಿತು. ಜರ್ಮನ್ನರು ಗುಟ್ಟಾಗಿ ಸುರಂಗ ಕೊರೆದು ಹತ್ತು ಕಡೆ ಸಿಡಿಮದ್ದು ಹೂತಿಟ್ಟಿದ್ದರು. ನೆಲದಡಿಯಿಂದಲೇ ಅದಕ್ಕೆ ಉತ್ತರ ಕೊಡಬಲ್ಲವರು ಬ್ರಿಟಿಷ್ ಸೇನೆಯಲ್ಲಿ ಸಾಕಷ್ಟು ಇರಲಿಲ್ಲ.

ಅಂಥವರು ಮ್ಯಾಂಚೆಸ್ಟರಿನಲ್ಲಿದ್ದರು, ಒಳಚರಂಡಿ ಕಾಮಗಾರಿಯಲ್ಲಿ. ಓರೆಯಾಗಿ ನಿಲ್ಲಿಸಿದ ಹಲಗೆಗೆ ಬೆನ್ನು ಕೊಟ್ಟು, ಎರಡೂ ಪಾದಗಳಿಂದ ಸನಿಕೆಯನ್ನು ಜೇಡಿಮಣ್ಣಿಗೆ ಒತ್ತಿ ಹೆಂಟೆ ಕೀಳುವುದು ಅವರ ಕಸುಬು. ಒಬ್ಬ ಕಿತ್ತದ್ದನ್ನು ಇನ್ನೊಬ್ಬ ಚೀಲಕ್ಕೆ ತುಂಬುತ್ತಿದ್ದ, ಮತ್ತೊಬ್ಬ ಪುಟ್ಟ ಗಾಡಿಯಲ್ಲಿ ಹೊರಗೆ ಸಾಗಿಸುತ್ತಿದ್ದ. ಪಿಕಾಸಿಯ ಏಟಿಲ್ಲ, ಹಾಗಾಗಿ ಸದ್ದೂ ಇಲ್ಲ. ಗೋಡೆಗೆ ಕಿವಿಯೊಡ್ಡಿ ಶತ್ರುವನ್ನು ಹುಡುಕುವ ಸುರಂಗ ಯುದ್ಧದಲ್ಲಿ ಇದಕ್ಕಿಂತ ದೊಡ್ಡ ಬಲ ಯಾವುದಿದ್ದೀತು!

ಅವರ ಗುತ್ತಿಗೆದಾರ, ಸಂಸದರೂ ಆಗಿದ್ದ ಜಾನ್ ನಾರ್ಟನ್-ಗ್ರಿಫಿತ್ಸ್ ಇವರನ್ನು ಸುರಂಗ ಯುದ್ಧಕ್ಕೆ ಬಳಸಿಕೊಳ್ಳಿ ಎಂಬ ಸಲಹೆಯನ್ನು ಮೊದಲೇ ಬರೆದು ಕಳಿಸಿದ್ದರು. ಕಾಗದ ಕಡತ ಸೇರಿತ್ತು. ಸುರಂಗಗಳ ಕಾಟ ಹೆಚ್ಚಿದ ಮೇಲೆ, 1915ರ ಫೆಬ್ರುವರಿಯಲ್ಲಿ, ಅವರನ್ನು ಯುದ್ಧ ಸಚಿವ ಕಿಚನರ್ ಕರೆಸಿದರು. ನಾರ್ಟನ್-ಗ್ರಿಫಿತ್ಸ್ ಬೆಂಕಿಗೂಡಿನ ಸಲಿಕೆ ಹಿಡಿದು ಕೋಣೆಯ ನೆಲದ ಮೇಲೇ ಕೂತು ಒದ್ದು ತೋರಿಸಿದರು. ಇಂಥ 10,000 ಮಂದಿ ಈಗಲೇ ಬೇಕು ಎಂದರು ಕಿಚನರ್.

ಫೆಬ್ರುವರಿ 18ರಂದು ಮ್ಯಾಂಚೆಸ್ಟರಿನ ಕೆಲಸದಿಂದ ಬಿಡಿಸಿಕೊಂಡ ಒಂದು ಗುಂಪು 21ಕ್ಕೆ ಗಿವೆಂಚಿಯ ನೆಲದಡಿಯಲ್ಲಿತ್ತು. ಕವಾಯತಿಗೆ ಪುರುಸೊತ್ತೆಲ್ಲಿ? ಸಾಮಾನ್ಯ ಪದಾತಿಯ ದಿನಗೂಲಿ ಒಂದು ಶಿಲಿಂಗ್ ಇದ್ದಾಗ ಇವರಿಗೆ ಆರು ಶಿಲಿಂಗ್ ಕೊಟ್ಟರು. ಅದು ನ್ಯಾಯವಾದ ಬೆಲೆಯೇ. ನೋವಿನ ಸಂಗತಿಯೆಂದರೆ, ಯುದ್ಧದ ಮೊದಲ ತಿಂಗಳುಗಳಲ್ಲೇ ಎಷ್ಟೋ ಗಣಿ ಕಾರ್ಮಿಕರು ಬಂದೂಕು ಹಿಡಿದು ಪದಾತಿ ದಳ ಸೇರಿಬಿಟ್ಟಿದ್ದರು. ನೀನು ಹಿಂದೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ಬೆಲೆ ಬಂದಿದ್ದೇ ತಡವಾಗಿ. ನಾರ್ಟನ್-ಗ್ರಿಫಿತ್ಸ್ ರೋಲ್ಸ್ ರಾಯ್ಸ್ ಕಾರಿನಲ್ಲಿ ದಳದಿಂದ ದಳಕ್ಕೆ ಅಲೆದು ಅಂಥವರನ್ನು ಹೆಕ್ಕಿ ತಂದರು.

1917ರ ಜೂನ್ 7ರ ನಸುಕಿನಲ್ಲಿ ಬೆಲ್ಜಿಯಂನ ಮೆಸೀನ್ ದಿಬ್ಬದಡಿ ಬ್ರಿಟಿಷ್ ಕಡೆಯ ಸುರಂಗದವರು ಹೂತಿಟ್ಟಿದ್ದ 19 ಭಾರಿ ಸಿಡಿಮದ್ದುಗಳು ಸ್ಫೋಟಿಸಿದವು. ಅಲ್ಲಿನ ಜೇಡಿಮಣ್ಣು ಕಾಲಿನಿಂದ ಒದ್ದು ತೋಡುವವರಿಗೆ ಒಗ್ಗಿತ್ತು.

ಎಲ್ಲ ಕಡೆಯ ನೆಲ ಹಾಗಿರಲಿಲ್ಲ. ಸೋಮ್ ಕಣಿವೆಯದು ಸುಣ್ಣದ ಕಲ್ಲು. ಅಲ್ಲಿ ಪಾದದ ಬಲ ನಡೆಯದು. ಲಾ ಬ್ವಾಸೆಲ್‌ನಲ್ಲಿ ಸುರಂಗದವರು ಹಿಡಿಗೆ ಬಯೋನೆಟ್ ಕಟ್ಟಿ, ಕಲ್ಲಿನ ಸಂದಿಗೆ ತೂರಿಸಿ ಮೀಟಿದರು. ಬಿದ್ದ ತುಂಡು ಸದ್ದು ಮಾಡದಂತೆ ಕೈಯಲ್ಲೇ ಹಿಡಿದು ಕೆಳಗಿಟ್ಟರು. ಆರಾಸ್ ಪಟ್ಟಣದಡಿಯ ಹಳೆಯ ಕಲ್ಲುಗಣಿಗಳನ್ನು ಬೆಸೆಯಲು ನ್ಯೂಜಿಲೆಂಡಿನ ಗಣಿಗಾರರು ಬಂದರು. ಅವರು ತೋಡಿದ ಹಾದಿಗಳಲ್ಲಿ ವಿದ್ಯುದ್ದೀಪ, ನೀರಿನ ಕೊಳವೆ ಎಲ್ಲ ಇದ್ದವು. 1917ರ ಏಪ್ರಿಲ್ 9ರಂದು ಸಾವಿರಾರು ಸೈನಿಕರು ಅಲ್ಲಿಂದಲೇ ದಾಳಿಗೆ ಹೊರಟರು.